ಕೆರೆ ಆಚೆಯ ಹಳೇ ಊರನ್ನು ಹಳೆಯ ನಕ್ಷೆಯಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಬೆಳೆದದ್ದು ಬೆಂಗಳೂರಿನ ವಿಜಯನಗರದಲ್ಲಿ. ತಾತನ ಊರು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ, ಅರ್ಕಾವತಿ ಕಡೆಗೆ. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಎಂಬತ್ತು ದಾಟಿದ ಸೋದರತ್ತೆ ಒಬ್ಬರಿದ್ದಾರೆ. ನಮ್ಮವರು ಮೊದಲು ಇದ್ದದ್ದು ಕೆರೆ ಆಚೆಯ ಹಳೇ ಊರಿನಲ್ಲಿ, ಮಾರಿ ಬಂದಾಗ ಊರು ಬಿಟ್ಟರು ಅಂತ ಅವರು ಹೇಳುತ್ತಾರೆ. ನನಗೆ ಆ ಕಡೆಯ ಹಳೆಯ ಟೋಪೋ ಶೀಟಿನ (ನೆಲ, ನೀರು, ದಾರಿ ತೋರಿಸುವ ಸರ್ವೆ ನಕ್ಷೆಯ) ಸ್ಕ್ಯಾನ್ ಒಂದು ಸಿಕ್ಕಿದೆ, ಒಂದು ಇಂಚಿಗೆ ಒಂದು ಮೈಲಿ ಲೆಕ್ಕದ್ದು. ಗೆರೆ, ಚುಕ್ಕೆ ಬಿಟ್ಟರೆ ಏನೂ ಅರ್ಥವಾಗುತ್ತಿಲ್ಲ. ಇದರಿಂದ ನಮ್ಮ ಮನೆತನದ ಬಗ್ಗೆ ಏನಾದರೂ ತಿಳಿಯುತ್ತದೆಯೇ? ಹಳೇ ಊರಿನ ಜಾಗದ ಮೇಲೆ ನಮಗೆ ಹಕ್ಕು ಇರಬಹುದೇ?

ಉತ್ತರ: ತಿಳಿಯುತ್ತದೆ, ಖಂಡಿತ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟೋಪೋ ಶೀಟಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಯಾರ ಹೊಲದ ಗಡಿಯೂ ಇರುವುದಿಲ್ಲ. ಮನೆತನದ ಹೆಸರು ಹುಡುಕುತ್ತಾ ಹೋದರೆ ಸುಮ್ನೆ ಕಣ್ಣು ನೋವು. ಅದರಲ್ಲಿರುವುದು ಕೆರೆ, ಬಾವಿ, ಗಾಡಿದಾರಿ, ಗುಡಿ, ತೋಪು, ಗುಡ್ಡ. ನಿಮ್ಮ ತಾತನ ಅಪ್ಪ ಅಮ್ಮ ದಿನಾ ಓಡಾಡಿದ್ದು ಇವುಗಳ ನಡುವೆಯೇ. ಅವರು ನೀರಿಗೆ ಎಷ್ಟು ದೂರ ಹೋಗುತ್ತಿದ್ದರು, ಸಂತೆಗೆ ಯಾವ ದಾರಿ ಹಿಡಿಯುತ್ತಿದ್ದರು, ಹೆಣ್ಣು ಕೊಟ್ಟು ತಂದ ಊರುಗಳು ಯಾವ ದಿಕ್ಕಿನಲ್ಲಿದ್ದವು, ಇದನ್ನೆಲ್ಲ ಆ ಶೀಟು ತೋರಿಸುತ್ತದೆ. ಕಂದಾಯದ ಯಾವ ಕಾಗದವೂ ಇಷ್ಟು ಹೇಳುವುದಿಲ್ಲ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅತ್ತೆಯ ಮಾತು. ಜನ ಸಾಮಾನ್ಯವಾಗಿ ಮೊದಲು ತಾಲ್ಲೂಕು ಕಚೇರಿಗೆ ಓಡುತ್ತಾರೆ. ಪಹಣಿ, ಟಿಪ್ಪಣಿ (ಸರ್ವೆಯವರು ಹೊಲ ಅಳೆದು ಬರೆದ ನಕ್ಷೆ) ಅಂತ ತಿಂಗಳುಗಟ್ಟಲೆ ಅಲೆಯುತ್ತಾರೆ. ಅಷ್ಟರಲ್ಲಿ ಮನೆಯ ಹಿರಿಯರು ಹಾಸಿಗೆ ಹಿಡಿದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಚೇರಿಯ ಕಾಗದ ಮುಂದಿನ ವರ್ಷವೂ ಸಿಗುತ್ತದೆ. ಈ ಶೀಟನ್ನು ನೀವು ಓದುವುದನ್ನು ಕಲಿಯಿರಿ, ಈ ತಿಂಗಳೇ ಅತ್ತೆಯ ಮುಂದೆ ಹಾಸಿ.

ಓದುವುದು ಕಷ್ಟವಿಲ್ಲ. ಶೀಟಿನ ಮೇಲ್ಭಾಗದಲ್ಲಿ 57 ಎಚ್/5 ಅಂತ ಇದೆಯಾ ನೋಡಿ. ಸರ್ವೆ ಆಫ್ ಇಂಡಿಯಾ ಇಡೀ ದೇಶವನ್ನು 4 ಡಿಗ್ರಿ ಉದ್ದ, 4 ಡಿಗ್ರಿ ಅಗಲದ ಚೌಕಗಳಾಗಿ ಹಂಚಿಕೊಂಡು ನಂಬರ್ ಕೊಟ್ಟಿದೆ. ನಮ್ಮದು 57. ಅದರೊಳಗೆ ಎ ಯಿಂದ ಪಿ ವರೆಗೆ 16 ಚೌಕ, ಒಂದೊಂದೂ 1 ಡಿಗ್ರಿ. ಅದರೊಳಗೆ ಮತ್ತೆ 16 ಶೀಟು, ಒಂದೊಂದೂ 15 ಮಿನಿಟು. ಅಂದರೆ ಒಂದು ಶೀಟು ಹೆಚ್ಚುಕಡಿಮೆ 27 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ನೆಲ. 57 ಎಚ್/5ರಲ್ಲಿ ತಾವರೆಕೆರೆ, ಸಾವನದುರ್ಗ, ಮಂಚನಬೆಲೆ, ಬಿಡದಿ ಬರುತ್ತವೆ. ಕೆಂಗೇರಿ ಅದರ ಪೂರ್ವದ ಅಂಚಿಗೆ ಸಿಕ್ಕಿಕೊಂಡಿದೆ. ಬೆಂಗಳೂರು ಪೇಟೆ ಪಕ್ಕದ 57 ಎಚ್/9ರಲ್ಲಿ. ಮಾಗಡಿ ಪಟ್ಟಣ ಪಶ್ಚಿಮಕ್ಕೆ 57 ಎಚ್/1ರಲ್ಲಿ. ರಾಮನಗರ ಕೆಳಗೆ 57 ಎಚ್/6ರಲ್ಲಿ, ನೆಲಮಂಗಲ ಮೇಲೆ 57 ಜಿ/8ರಲ್ಲಿ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಿಮ್ಮ ಅಜ್ಜಿಯ ತವರು ಪಕ್ಕದ ಶೀಟಿನಲ್ಲಿ ಇರುವ ಸಾಧ್ಯತೆ ತುಂಬ. ಒಂದೇ ಶೀಟು ಇಟ್ಟುಕೊಂಡರೆ ಅರ್ಧ ಕಥೆ ಅಂಚಿನಾಚೆ ಉಳಿದುಬಿಡುತ್ತದೆ.

ಆಮೇಲೆ ಅಂಚಿನ ಬರಹ ಓದಿ. ಅಲ್ಲಿ ಸರ್ವೆ ನಡೆದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಇರುತ್ತದೆ. ನಿಮಗೆ ಬೇಕಾದದ್ದು ಸರ್ವೆ ವರ್ಷ. ಹಳೆಯ ಸರ್ವೆಯನ್ನೇ ರಸ್ತೆ, ರೈಲುದಾರಿ ಅಷ್ಟು ತಿದ್ದಿ ಎಷ್ಟೋ ವರ್ಷದ ನಂತರ ಮತ್ತೆ ಅಚ್ಚು ಹಾಕಿದ್ದೂ ಉಂಟು. ಅಚ್ಚಿನ ವರ್ಷ ನಂಬಿದರೆ ಊರು ಬಿಟ್ಟ ಕಾಲದ ಲೆಕ್ಕ ಪೂರ್ತಿ ಏರುಪೇರಾಗುತ್ತದೆ. ಬಣ್ಣದ ಒಂದಿಂಚು ಶೀಟುಗಳ ದೊಡ್ಡ ಕೆಲಸ ಶುರುವಾಗಿದ್ದು 1905ರ ಸರ್ವೆ ಸಮಿತಿಯ ಶಿಫಾರಸಿನ ನಂತರ. ಸ್ವಾತಂತ್ರ್ಯ ಬಂದ ಮೇಲೆ ಮೆಟ್ರಿಕ್ ಪದ್ಧತಿಗೆ ಬದಲಾಗಿ 1:50,000 ಶೀಟುಗಳು ಬಂದವು. ಎತ್ತರ ಅಡಿಯಲ್ಲಿದ್ದರೆ ಹಳೆಯದು, ಮೀಟರಿನಲ್ಲಿದ್ದರೆ ಈಚೆಯದು. ನಿಮ್ಮದು ಇಂಚು-ಮೈಲಿಯದು, ಅಂದರೆ 1:63,360. ಆ ಲೆಕ್ಕದಲ್ಲಿ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 63 ಮೀಟರ್. ತಾತನ ಮನೆ ಯಾವುದು ಅಂತ ಇದು ತೋರಿಸಲಾರದು. ಹಳೇ ಊರು ಯಾವ ಹೊಲದ ಹತ್ತಿರ ಅನ್ನುವಷ್ಟು ತೋರಿಸುತ್ತದೆ, ಅಷ್ಟು ಸಾಕು.

ಈಗ ಊರಿನ ಗುರುತುಗಳಿಗೆ ಬನ್ನಿ. ಶೀಟಿನ ಕೆಳಗಿರುವ ಚಿಹ್ನೆಗಳ ಪಟ್ಟಿಯಲ್ಲಿ ಜನವಸತಿ ಇರುವ ಊರಿಗೆ ಒಂದು ಗುರುತು, ಜನ ಬಿಟ್ಟುಹೋದ ಊರಿಗೆ ಬೇರೆ ಗುರುತು ಇರುತ್ತದೆ. ಸ್ಕ್ಯಾನ್ ಮಾಡಿದವರು ಕೆಳಗಿನ ಅಂಚು ಕತ್ತರಿಸಿದ್ದರೆ ಅದೇ ಕಾಲದ ಬೇರೆ ಯಾವುದಾದರೂ ಶೀಟಿನ ಪಟ್ಟಿ ನೋಡಿ. ಕೆರೆಯ ಸುತ್ತ ಒಂದೆರಡು ಮೈಲಿಯಲ್ಲಿ ಪಾಳು ಊರಿನ ಗುರುತು ಇದೆಯಾ ಹುಡುಕಿ. ಇಲ್ಲದಿದ್ದರೆ ನಿರಾಶೆ ಬೇಡ. ಸರ್ವೆಯವರು ಬರುವ ಹೊತ್ತಿಗೆ ಮಣ್ಣಿನ ಗೋಡೆ ಕರಗಿ ಉಳುಮೆ ಆಗಿಹೋಗಿದ್ದರೆ ಅವರು ಗುರುತು ಹಾಕಿರುವುದಿಲ್ಲ. ಆಗ ಹೊಲಗಳ ನಡುವೆ ಒಂಟಿಯಾಗಿ ನಿಂತ ಗುಡಿಯ ಚಿಹ್ನೆ ಹುಡುಕಿ. ಪಕ್ಕದಲ್ಲೇ ಬಾವಿಯ ಚುಕ್ಕೆ ಇದ್ದು, ಎರಡು ಮೂರು ಕಾಲುದಾರಿಗಳು ಅಲ್ಲಿಗೇ ಬಂದು ಸೇರುತ್ತಿದ್ದರೆ ಅನುಮಾನ ಪಡಬೇಕಾದ ಜಾಗ ಅದೇ. ಯಾರೂ ಇಲ್ಲದ ಕಡೆಗೆ ಅಷ್ಟು ದಾರಿ ಯಾಕೆ ಹೋಗುತ್ತವೆ, ಅಲ್ವಾ?

ಮುಖ್ಯ ಊರಿನಿಂದ ಸ್ವಲ್ಪ ದೂರದಲ್ಲಿ ಹೆಸರಿಲ್ಲದ ಗುಡಿಸಲುಗಳ ಗುಂಪು ಕಂಡರೆ ಅದನ್ನೂ ಬಿಡಬೇಡಿ. ನಮ್ಮ ಹಳ್ಳಿಗಳಲ್ಲಿ ದಲಿತರ ಕೇರಿಯನ್ನು ಊರಿನಾಚೆ ಇಟ್ಟಿದ್ದರು. ನಕ್ಷೆಯಲ್ಲಿ ಎಷ್ಟೋ ಸಲ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿಲ್ಲ. ಜಮೀನು ಇಲ್ಲದ ಕುಟುಂಬ ಪಹಣಿಯಲ್ಲೂ ಬರುವುದಿಲ್ಲ. ಅಂಥ ಮನೆತನಗಳಿಗೆ ಈ ಹೆಸರಿಲ್ಲದ ಚುಕ್ಕೆಗಳೇ ಹಳೆಯ ದಾಖಲೆ. ಆದ್ದರಿಂದ ಅವನ್ನು ನೋಡುವಾಗ ನಾನು ಬಹಳ ಹೊತ್ತು ನಿಲ್ಲುತ್ತೇನೆ, ನೀವೂ ನಿಲ್ಲಿ.

ನಿಮ್ಮ ಕಡೆ ಇನ್ನೊಂದು ವಿಶೇಷ ಇದೆ. ಮಾಗಡಿ, ರಾಮನಗರ ಸೀಮೆ ತುಂಬ ದೊಡ್ಡಿಗಳು. ಹಳೆಯ ಶೀಟಿನಲ್ಲಿ ಒಂದೆರಡು ಗುಡಿಸಲು ಮಾತ್ರ ಇದ್ದ ಜಾಗಕ್ಕೆ ಮುಂದಿನ ಶೀಟಿನಲ್ಲಿ ಯಾರದೋ ಹೆಸರಿನ ದೊಡ್ಡಿ ಅಂತ ಬಂದಿರುತ್ತದೆ. ಒಬ್ಬ ಅಣ್ಣನೋ ತಮ್ಮನೋ ದನಕರು ಕಟ್ಟಿಕೊಂಡು ಹೊಲದ ಹತ್ತಿರ ಹೋಗಿ ನೆಲೆ ನಿಂತ, ಅವನ ಹೆಸರೇ ಊರಾಯಿತು. ನಿಮ್ಮ ತಾತನ ಊರಿನ ಸುತ್ತಲಿನ ದೊಡ್ಡಿಗಳ ಹೆಸರನ್ನೆಲ್ಲ ಬರೆದುಕೊಳ್ಳಿ. ಅದರಲ್ಲಿ ಯಾವುದಾದರೂ ನಿಮ್ಮ ಮನೆಯಲ್ಲಿ ತಲೆಮಾರಿಗೊಮ್ಮೆ ಇಡುವ ಹೆಸರೇ ಆಗಿದ್ದರೆ ಅತ್ತೆಯನ್ನು ಕೇಳಲೇಬೇಕು. ಹೆಸರುಗಳ ಸ್ಪೆಲಿಂಗ್ ಸರ್ವೆಯವರ ಕಿವಿಗೆ ಬಿದ್ದ ಹಾಗೆ ಇರುತ್ತದೆ. ಅದನ್ನು ಜೋರಾಗಿ ಓದಿ, ಕೇಳಿದವರಿಗೆ ಊರು ಗೊತ್ತಾಗುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷವಿಡೀ ನೀರಿರುವ ಕೆರೆಗೆ ಮಾತ್ರ ನೀಲಿ ತುಂಬುತ್ತಾರೆ. ಬೇಸಿಗೆಗೆ ಒಣಗುವ ಕೆರೆಗೆ ಬರೀ ಹೊರಗೆರೆ. ನಮ್ಮ ಕಡೆ ಒಣಗುವ ಕೆರೆಗಳೇ ಜಾಸ್ತಿ. ಹಾಗಾಗಿ ನೀಲಿ ಇಲ್ಲ ಅಂತ ಕೆರೆಯೇ ಇರಲಿಲ್ಲ ಅಂದುಕೊಳ್ಳಬೇಡಿ. ಏರಿಯ ಗೆರೆ ದಪ್ಪಗೆ ಇರುತ್ತದೆ. ಅದರ ಪಕ್ಕ 12 ಆರ್, 15 ಆರ್ ಅಂತ ಇಂಗ್ಲಿಷಿನ ಪುಟ್ಟ ಅಕ್ಷರದ ಜೊತೆ ಅಂಕಿ ಇದ್ದರೆ, ಅದು ಪಕ್ಕದ ನೆಲದಿಂದ ಏರಿ ಎಷ್ಟು ಎತ್ತರ ಅಂತ. ಏರಿಯ ಎರಡು ತುದಿಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ನೂರು ವರ್ಷದಲ್ಲಿ ರಸ್ತೆ ಜರುಗುತ್ತದೆ, ಊರು ಜರುಗುತ್ತದೆ, ಏರಿಯ ತುದಿ ಜರುಗುವುದು ಅಪರೂಪ. ಮುಂದೆ ಎಲ್ಲ ಅಳತೆಗೂ ಅದೇ ಆಧಾರ.

ದಾರಿಗಳು ನನಗೆ ಎಲ್ಲಕ್ಕಿಂತ ಇಷ್ಟ. ಹಳೆಯ ಶೀಟಿನಲ್ಲಿ ಜಲ್ಲಿ ರಸ್ತೆ, ಮಣ್ಣು ರಸ್ತೆ, ಗಾಡಿದಾರಿ, ಕಾಲುದಾರಿ ಇವಕ್ಕೆಲ್ಲ ಬೇರೆ ಬೇರೆ ಗೆರೆ. ಈಗ ತಾತನ ಊರಿಗೆ ಮಾಗಡಿ ರಸ್ತೆಯಿಂದ ತಿರುಗಿ ಹೋಗುತ್ತೀರಿ. ಆದ್ದರಿಂದ ಊರು ಬೆಂಗಳೂರಿನ ಕಡೆ ಮುಖ ಮಾಡಿದೆ ಅಂತ ನಿಮಗೆ ಅನ್ನಿಸುತ್ತದೆ. ಹಳೆಯ ಗಾಡಿದಾರಿಗಳನ್ನು ಬೆರಳಿಟ್ಟು ಹಿಂಬಾಲಿಸಿ. ಹೊಳೆ ದಾಟಿ ಸಾವನದುರ್ಗದ ಕಡೆಗೋ, ಕೆಳಗೆ ಬಿಡದಿ ಕಡೆಗೋ ಹೋಗುತ್ತಿರಬಹುದು. ಗಾಡಿ ಹೋದ ಕಡೆ ಸಂತೆ. ಕಾಲುದಾರಿ ಹೋದ ಕಡೆ ನೆಂಟರು. ಬಸ್ಸು ಬರುವ ಮುಂಚೆ ಹೆಣ್ಣು ಕೊಡುತ್ತಿದ್ದದ್ದು ನಡೆದು ಹೋಗಿ ಬರಬಹುದಾದ ಊರಿಗೆ. ನಿಮಗೆ ಗೊತ್ತಿರುವ ಮದುವೆ ಸಂಬಂಧಗಳ ಊರುಗಳನ್ನೆಲ್ಲ ಶೀಟಿನ ಮೇಲೆ ಗುರುತು ಮಾಡಿ. ನಡುವೆ ಹಾದುಹೋಗುವ ದಾರಿಗಳು ಎಲ್ಲಿ ಕೂಡುತ್ತವೆ ನೋಡಿ. ಅವು ಈಗಿನ ಊರಿನಲ್ಲಿ ಕೂಡದೆ ಕೆರೆಯ ಆ ಬದಿಯಲ್ಲಿ ಕೂಡಿದರೆ ಅತ್ತೆಯ ಮಾತಿಗೆ ನಕ್ಷೆ ಸಾಕ್ಷಿ ಹೇಳಿದ ಹಾಗೆ.

ಇಷ್ಟಾದ ಮೇಲೆ ಅತ್ತೆಯ ಹತ್ತಿರ ಹೋಗಿ. ಶೀಟನ್ನು ಊರಿನ ಸುತ್ತಲಿನ ಭಾಗಕ್ಕೆ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ತೋರಿಸಬೇಡಿ. ಹಿರಿಯರಿಗೆ ನಕ್ಷೆ ಓದಿ ಅಭ್ಯಾಸ ಇರುವುದಿಲ್ಲ, ಉತ್ತರ ದಿಕ್ಕು ಮೇಲೆ ಅನ್ನುವುದು ಅವರಿಗೆ ಅರ್ಥವಿಲ್ಲದ ಮಾತು. ಅವರನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಮನಸ್ಸಿನಲ್ಲೇ. "ಏರಿ ಮೇಲೆ ನಿಂತಿದ್ದೀರಿ, ಸಾವನದುರ್ಗ ಯಾವ ಕೈಗೆ ಕಾಣುತ್ತದೆ?" ಅಂತ ಕೇಳಿ. ಆ ಕೈ ನೋಡಿಕೊಂಡು ಪ್ರಿಂಟನ್ನು ತಿರುಗಿಸಿ ಇಡಿ. ಆಮೇಲೆ ಹೆಜ್ಜೆ ಹೆಜ್ಜೆಗೆ ಕೇಳಿ. ಕುಡಿಯುವ ನೀರು ಯಾವ ಬಾವಿಯದು? ದನ ಮೇಯಿಸಲು ಯಾವ ಕಡೆ? ಬಟ್ಟೆ ಒಗೆಯಲು ಕೆರೆಗೋ ಹೊಳೆಗೋ? ನಿಮ್ಮ ಅಮ್ಮ ತವರಿಗೆ ಹೋಗುವಾಗ ಮೊದಲು ಯಾವ ಊರು ಸಿಗುತ್ತಿತ್ತು, ಹೊಳೆ ಎಲ್ಲಿ ದಾಟುತ್ತಿದ್ದರು? ಮಣ್ಣು ಮಾಡಿದ್ದು ಎಲ್ಲಿ? ವರ್ಷಕ್ಕೊಮ್ಮೆ ತಳಿಗೆ ತೆಗೆದುಕೊಂಡು ಹೋಗುತ್ತಿದ್ದ ಗುಡಿ ಯಾವುದು? "ಹಳೇ ಊರು ಎಲ್ಲಿತ್ತು?" ಅಂತ ನೇರವಾಗಿ ಕೇಳಿದರೆ "ಅಲ್ಲೇ ಆ ಕಡೆ" ಅಂತ ಮಾತು ಮುಗಿಯುತ್ತದೆ. ನೀರು, ದನ, ದಾರಿ ಅಂತ ಕೇಳಿದರೆ ಕಾಲು ನೆನಪಿಸಿಕೊಳ್ಳುತ್ತದೆ. ಮಾತಾಡುವಾಗ ರೆಕಾರ್ಡ್ ಮಾಡಿ. ತಿದ್ದಬೇಡಿ. ನಕ್ಷೆಗೂ ಮಾತಿಗೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ.

ಸಾಧ್ಯವಾದರೆ ಊರಿನ ಇತರ ಹಿರಿಯ ಹೆಂಗಸರನ್ನೂ ಕೇಳಿ. ನೀರು ಹೊತ್ತವರು ಅವರು, ಇನ್ನೊಂದು ಊರಿನಿಂದ ನಡೆದು ಬಂದವರೂ ಅವರು. ಗಂಡಸರಿಗೆ ಜಮೀನಿನ ಗಡಿ ಚೆನ್ನಾಗಿ ನೆನಪಿರುತ್ತದೆ. ದಾರಿಯ ನೆನಪು ಹೆಂಗಸರದು.

ಮಾರಿ ಬಂದದ್ದು ಯಾವಾಗ ಅನ್ನುವುದು ಮುಂದಿನ ಪ್ರಶ್ನೆ. ಮಾರಿ ಅಂದರೆ ಕಾಲರಾ ಇರಬಹುದು, ಸಿಡುಬು ಇರಬಹುದು, ಪ್ಲೇಗ್ ಇರಬಹುದು. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಮುಂದೆ ಹಲವು ವರ್ಷ ಸುತ್ತಲಿನ ಹಳ್ಳಿಗಳಿಗೆ ಮತ್ತೆ ಮತ್ತೆ ಬಂತು. ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹೆಚ್ಚಿನವರು ವಾಪಸ್ ಬಂದರು. ಕೆಲವು ಊರು ಬಂದ ಕಡೆಯೇ ನಿಂತವು. "ಇಲಿ ಬಿತ್ತು" ಅನ್ನುವ ಮಾತು ಅತ್ತೆಯ ಬಾಯಲ್ಲಿ ಬಂದರೆ ಅದು ಪ್ಲೇಗೇ. ಅದಕ್ಕೂ ಹಿಂದೆ 1876ರಿಂದ 1878ರವರೆಗಿನ ಭಾರೀ ಬರ ಇದೆ. ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು, ಎಷ್ಟೋ ಊರು ಖಾಲಿಯಾದವು. ಹಳಬರು ಅದನ್ನು ಧಾತು ಸಂವತ್ಸರದ ಬರ ಅನ್ನುತ್ತಿದ್ದರು. ಸಂವತ್ಸರದ ಹೆಸರು ಸಿಕ್ಕರೆ ದೊಡ್ಡ ಸಹಾಯ, ಆದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಅಂದರೆ 1876-77 ಆಗಬಹುದು, 1936-37 ಕೂಡ ಆಗಬಹುದು. ಯಾವುದು ಅಂತ ತೀರ್ಮಾನ ಮಾಡಲು ತಲೆಮಾರು ಎಣಿಸಿ, ಶೀಟಿನ ಸರ್ವೆ ವರ್ಷದ ಜೊತೆ ಹೋಲಿಸಿ.

ಇಲ್ಲಿ ಎರಡನೇ ನಕ್ಷೆ ಬೇಕಾಗುತ್ತದೆ. ಒಂದೇ ಶೀಟು ಒಂದು ಕ್ಷಣವನ್ನಷ್ಟೇ ಹೇಳುತ್ತದೆ. ಎರಡರ ನಡುವೆ ಏನು ಬದಲಾಯಿತೋ ಅದೇ ನಿಮ್ಮ ಕಥೆ. ನಿಮ್ಮ ಕಡೆ ಇದಕ್ಕೆ ಒಳ್ಳೆಯ ಗಡಿಗಲ್ಲು ಇದೆ. ಅರ್ಕಾವತಿ, ಕುಮುದ್ವತಿ ಕೂಡುವ ಕಡೆ ತಿಪ್ಪಗೊಂಡನಹಳ್ಳಿ ಜಲಾಶಯ ಆದದ್ದು 1933ರಲ್ಲಿ. ಅದಕ್ಕೂ ಮುಂಚಿನ ಸರ್ವೆಯಾದರೆ ಅಲ್ಲಿ ನೀರಿನ ಹರವು ಇರುವುದಿಲ್ಲ, ಎರಡು ಹೊಳೆ ಮಾತ್ರ. ತಾತನ ಊರು ಆ ನೀರಿಗೆ ಹತ್ತಿರವಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಊರು ಜರುಗಲು ಮಾರಿ ಒಂದೇ ಕಾರಣವಾ, ಅಥವಾ ಹಿನ್ನೀರೂ ಸೇರಿಕೊಂಡಿತಾ? ನೆನಪಿನಲ್ಲಿ ಎರಡು ಗುಳೆ ಸೇರಿ ಒಂದೇ ಆಗಿಬಿಡುವುದು ಸಹಜ. ಹಿನ್ನೀರಿನ ಅಂಚನ್ನು ಹಳೆಯ ಶೀಟಿನ ಮೇಲೆ ಎಳೆದು ನೋಡಿದರೆ ಉತ್ತರ ಕಣ್ಣಿಗೇ ಕಾಣುತ್ತದೆ.

ಬೇರೆ ಕಾಲದ ಶೀಟುಗಳಿಗೆ ಕೋರಮಂಗಲದಲ್ಲಿ ಸರ್ವೆ ಆಫ್ ಇಂಡಿಯಾದ ಕಚೇರಿ ಇದೆ, ಅಲ್ಲಿ ಶೀಟ್ ನಂಬರ್ ಹೇಳಿ ವಿಚಾರಿಸಿ. ಈಗಿನ ಓಪನ್ ಸೀರೀಸ್ (ಸಾರ್ವಜನಿಕರಿಗೆ ಬಿಟ್ಟ) ಶೀಟುಗಳು ಅವರ ಪೋರ್ಟಲ್ಲಿನಲ್ಲಿ ಸಿಗುತ್ತವೆ, ನಂಬರ್ ಪದ್ಧತಿ ಮಾತ್ರ ಬೇರೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಪೋರ್ಟಲ್ಲಿನಲ್ಲಿ ಹಳೆಯ ಸರ್ವೆ ನಕ್ಷೆಗಳಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಗ್ರಂಥಾಲಯ, ರಾಜ್ಯ ಪತ್ರಾಗಾರ ಇಲಾಖೆ ಎರಡಕ್ಕೂ ಹೋಗಿ ಬನ್ನಿ. ಅಮೆರಿಕ ಸೇನೆಯವರು 1950ರ ದಶಕದಲ್ಲಿ ಮಾಡಿದ 1:250,000 ನಕ್ಷೆಗಳು ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತವೆ, ಆದರೆ ಪಾಳು ಊರು ಹುಡುಕಲು ಅವು ತೀರಾ ಸಣ್ಣವು. ಅದಕ್ಕಿಂತ ಅಮೆರಿಕದ ಕರೋನಾ ಅನ್ನುವ ಉಪಗ್ರಹಗಳ ಚಿತ್ರ ನೋಡಿ. 1960ರಿಂದ 1972ರ ನಡುವೆ ಗೂಢಚಾರಿಕೆಗೆ ತೆಗೆದ ಚಿತ್ರಗಳು, 1995ರಲ್ಲಿ ಬಹಿರಂಗವಾದವು. ಬೋರ್‌ವೆಲ್ಲು, ಲೇಔಟು ಬರುವ ಮುಂಚಿನ ನೆಲ ಅದರಲ್ಲಿ ಕಾಣುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸರ್ವೆಯರ್ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯ ನಕ್ಷೆಗಳೂ ಇವೆ. ಅವುಗಳಲ್ಲಿ ಊರಿನ ಹೆಸರು ಇದ್ದರೆ ಊರು ಅಷ್ಟು ಹಳೆಯದು ಅಂತ ತಿಳಿಯುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಇನ್ನು ಕಂದಾಯದ ಕಾಗದಗಳು. ಈಗ ಅವಕ್ಕೆ ಸಮಯ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಗ್ರಾಮನಕ್ಷೆ ಉಚಿತವಾಗಿ ಸಿಗುತ್ತದೆ. ಅದು ಸಾಮಾನ್ಯವಾಗಿ 1:7,920ರ ಅಳತೆಯದು, ನಿಮ್ಮ ಶೀಟಿಗಿಂತ 8 ಪಟ್ಟು ದೊಡ್ಡದು. ಅದರಲ್ಲಿ ಸರ್ವೆ ನಂಬರುಗಳಿವೆ. ಮೈಸೂರು ಸೀಮೆಯಲ್ಲಿ ಈ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ನೀವು ಟೋಪೋ ಶೀಟಿನಲ್ಲಿ ಅನುಮಾನಪಟ್ಟ ಜಾಗವನ್ನು ಏರಿಯ ತುದಿಯಿಂದ ಅಳೆದು ಗ್ರಾಮನಕ್ಷೆಗೆ ತನ್ನಿ. ಅಲ್ಲಿ ಯಾವ ಸರ್ವೆ ನಂಬರ್ ಬರುತ್ತದೆ ನೋಡಿ. ಆ ನಂಬರಿನ ಆಕಾರಬಂದಿನಲ್ಲಿ, ಅಂದರೆ ವಿಸ್ತೀರ್ಣ, ಕಂದಾಯ ಬರೆದ ದಾಖಲೆಯಲ್ಲಿ, ಖರಾಬು (ಸಾಗುವಳಿಗೆ ಸೇರದ ನೆಲ) ಅಂತ ಸ್ವಲ್ಪ ಗುಂಟೆ ಬಿಟ್ಟಿದ್ದರೆ ಕಿವಿ ನೆಟ್ಟಗೆ ಮಾಡಿ. ಹಳೆಯ ಊರಿನ ನೆಲ, ಗುಡಿ, ಸ್ಮಶಾನ, ದಾರಿ ಇವೆಲ್ಲ ಖರಾಬಿನಲ್ಲಿ ಉಳಿದಿರುತ್ತವೆ. ಮೂಲ ಸರ್ವೆ ಟಿಪ್ಪಣಿಯ ನಕಲು ತೆಗೆಸಿದರೆ ಆಗ ನೆಲದ ಮೇಲೆ ಇದ್ದ ಬಾವಿ, ದಾರಿಯ ಗೆರೆಯೂ ಸಿಗಬಹುದು.

ಎಷ್ಟೋ ಜನ ಮುಗ್ಗರಿಸುವ ಜಾಗ ಒಂದಿದೆ. ತಾತನ ಮನೆಯನ್ನು ಪಹಣಿಯಲ್ಲಿ ಹುಡುಕುತ್ತಾರೆ. ಮನೆಗಳು ಇರುವುದು ಗ್ರಾಮಠಾಣಾದೊಳಗೆ, ಅಂದರೆ ಊರಿನ ವಾಸದ ಜಾಗದೊಳಗೆ. ಅದಕ್ಕೆ ಹೊಲದ ಹಾಗೆ ಸರ್ವೆ ನಂಬರ್ ಇಲ್ಲ, ಪಹಣಿಯೂ ಇಲ್ಲ. ಪಹಣಿಯಲ್ಲಿ ಸಿಗುವುದು ಹೊಲಗದ್ದೆ ಮಾತ್ರ. ಇನ್ನೊಂದು, ಹಳೇ ಊರು ಪ್ರತ್ಯೇಕ ಕಂದಾಯ ಗ್ರಾಮವಾಗಿದ್ದರೆ ಜನ ಬಿಟ್ಟುಹೋದ ಮೇಲೂ ಅದರ ಹೆಸರು ದಾಖಲೆಯಲ್ಲಿ ಬದುಕಿರುತ್ತದೆ. ಬೇಚರಾಕ್ ಗ್ರಾಮ ಅಂತ ಕರೆಯುವುದು ಅಂಥದ್ದನ್ನೇ. ಹೋಬಳಿಯ ಗ್ರಾಮಗಳ ಪಟ್ಟಿ ತೆಗೆಸಿ, ನೀವು ಎಂದೂ ಕೇಳದ ಹೆಸರು ಇದೆಯಾ ನೋಡಿ, ಅತ್ತೆಗೆ ಓದಿ ಹೇಳಿ. ಜಿಲ್ಲಾ ಜನಗಣತಿ ಕೈಪಿಡಿಗಳ ಗ್ರಾಮಪಟ್ಟಿಯಲ್ಲೂ ಜನ ಇಲ್ಲದ ಗ್ರಾಮಗಳನ್ನು ಹಾಗೆಂದೇ ನಮೂದಿಸಿರುತ್ತಾರೆ. ಊರು ಜೋಡಿ ಅಥವಾ ಇನಾಂ ಗ್ರಾಮವಾಗಿತ್ತು (ಕಂದಾಯ ಕಡಿಮೆ ಮಾಡಿ ಇಲ್ಲವೇ ಬಿಟ್ಟು ಯಾರಿಗೋ ದತ್ತಿ ಕೊಟ್ಟ ಊರು) ಅಂತ ಗೊತ್ತಾದರೆ 1954ರ ಇನಾಂ ರದ್ದತಿ ಕಾಯ್ದೆಯ ಕಡತಗಳನ್ನು ಕೇಳಿ. ಯಾರು ಯಾವ ಹೊಲ ಉಳುತ್ತಿದ್ದರು ಅನ್ನುವುದು ಅಂಥ ಕಡತದಲ್ಲಿ ಇರುತ್ತದೆ.

ಶಾಸನಗಳನ್ನೂ ಒಮ್ಮೆ ನೋಡಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ತಾಲ್ಲೂಕುವಾರು ಜೋಡಿಸಿದ್ದಾರೆ. ಕಲ್ಲು ಯಾವ ಊರಿನ ಯಾವ ದಿಕ್ಕಿನಲ್ಲಿದೆ ಅಂತ ಬರೆದಿರುತ್ತಾರೆ, ಹೊಲದಲ್ಲಿ ಅನ್ನುವಷ್ಟು ವಿವರ ಇದ್ದರೆ ಅದನ್ನು ಶೀಟಿನ ಮೇಲೆ ಗುರುತು ಮಾಡಿ.

ಮನೆತನದ ಎಳೆ ಹಿಂದಕ್ಕೆ ಹೋಗಬೇಕಾದರೆ ಮನೆದೇವರು ಯಾವ ಊರಿನದು ಅಂತ ಕೇಳಿಕೊಳ್ಳಿ. ಬೇರೆ ಸೀಮೆಯ ದೇವರಿಗೆ ಒಕ್ಕಲಾಗಿದ್ದರೆ ನಿಮ್ಮವರು ಅಲ್ಲಿಂದ ಬಂದಿರುವ ಸಾಧ್ಯತೆ ಇದೆ. ಹೆಳವರು ನಿಮ್ಮ ಊರಿಗೆ ಬರುತ್ತಿದ್ದರಾ ಅಂತಲೂ ವಿಚಾರಿಸಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಕಾಳು ಪಡೆದು ಹೋಗುವವರು ಅವರು. ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಅನ್ನುವುದು ಅವರ ಹಾಡಿನಲ್ಲೂ ಪುಸ್ತಕದಲ್ಲೂ ಇರುತ್ತದೆ. ಅವರು ಹೇಳುವ ಊರುಗಳನ್ನು ಒಂದೊಂದಾಗಿ ಶೀಟಿನಲ್ಲಿ ಹುಡುಕುವುದು ಬಹಳ ಸಂತೋಷದ ಕೆಲಸ.

ಕಂಪ್ಯೂಟರ್ ಗೊತ್ತಿದ್ದರೆ ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಸ್ಕ್ಯಾನನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಶೀಟಿನ ಮೂಲೆಯ ಅಕ್ಷಾಂಶ ರೇಖಾಂಶಗಳನ್ನು ಹಾಗೇ ನಂಬಿದರೆ ಎಲ್ಲವೂ ಒಂದು ಕಡೆಗೆ ಸರಿದು ಕಾಣುತ್ತದೆ. ಹಳೆಯ ಶೀಟುಗಳು ಎವರೆಸ್ಟ್ ಗೋಳದ (ಭೂಮಿಯ ಆಕಾರಕ್ಕೆ ಆಗ ಹಿಡಿದ ಅಳತೆಯ) ಲೆಕ್ಕದವು, ಇಂದಿನ ಜಿಪಿಎಸ್ ಲೆಕ್ಕ ಬೇರೆ. ನಮ್ಮ ಕಡೆ ವ್ಯತ್ಯಾಸ ನೂರು ಮೀಟರಿಗೂ ಜಾಸ್ತಿ. ಅದಕ್ಕೇ ಏರಿಯ ತುದಿ, ಹಳೆಯ ಗುಡಿ, ಗುಡ್ಡದ ತುದಿಯ ತ್ರಿಕೋನದ ಗುರುತು ಇಂಥವನ್ನು ಆಧಾರವಾಗಿ ಹಿಡಿದು ಕೂರಿಸಿ. ಆ ತ್ರಿಕೋನಗಳು ಸರ್ವೆಯ ಅಳತೆ ಕೇಂದ್ರಗಳು. ಬ್ರಿಟಿಷ್ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಮೊದಲ ಆಧಾರರೇಖೆ ಅಳೆದು ಶುರು ಮಾಡಿದ ಕೆಲಸದ ಮುಂದುವರಿಕೆ ಅದು. ಕಂಪ್ಯೂಟರ್ ಬೇಡ ಅನ್ನಿಸಿದರೆ ಪ್ರಿಂಟು, ಸ್ಕೇಲು ಸಾಕು. ಸ್ಥಳದಲ್ಲಿ ನಿಂತಾಗ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ದಿಶಾಂಕ್ ಆ್ಯಪ್ ತೋರಿಸುತ್ತದೆ.

ಸ್ಥಳಕ್ಕೆ ಹೋಗುವುದಾದರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ. ರಾಗಿ ಕೊಯ್ಲು ಮುಗಿದು ಹೊಲ ಬಯಲಾಗಿರುತ್ತದೆ. ಸುತ್ತಲಿನ ಮಣ್ಣು ಕೆಂಪಗಿದ್ದು ಒಂದು ಕಡೆ ಮಾತ್ರ ಬೂದಿ ಬಣ್ಣಕ್ಕಿದ್ದರೆ ಅಲ್ಲಿ ಜನ ಬಹಳ ಕಾಲ ಒಲೆ ಹಚ್ಚಿದ್ದಾರೆ. ಆ ಮಣ್ಣು ಒಳ್ಳೆಯ ಗೊಬ್ಬರ ಅಂತ ರೈತರು ಗಾಡಿಗಟ್ಟಲೆ ಹೊತ್ತೊಯ್ದಿರುವುದೂ ಉಂಟು, ಆದ್ದರಿಂದ ದಿಬ್ಬ ಇಲ್ಲದೆ ತಗ್ಗೇ ಇರಬಹುದು. ಮಡಕೆ ಚೂರು, ಒಡೆದ ಒರಳು, ವಯಸ್ಸಾದ ಹುಣಸೆ ಮರ ನೋಡಿ. ಊರು ಕಟ್ಟುವಾಗ ನೆಟ್ಟ ಕರುವುಗಲ್ಲು ಇನ್ನೂ ನಿಂತಿದ್ದರೆ ನಿಮ್ಮ ಹುಡುಕಾಟ ಮುಗಿದ ಹಾಗೆಯೇ. ವೀರಗಲ್ಲು, ಮಾಸ್ತಿಗಲ್ಲು ಇದ್ದರೆ ಫೋಟೋ ತೆಗೆಯಿರಿ. ಏನನ್ನೂ ಅಗೆಯಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ. ಹೊಲದವರನ್ನು ಮೊದಲು ಮಾತಾಡಿಸಿ. ಬೆಂಗಳೂರಿನಿಂದ ನಕ್ಷೆ ಹಿಡಿದು ಬಂದವರನ್ನು ಕಂಡರೆ ಆ ಸೀಮೆಯಲ್ಲಿ ಈಗ ಜನ ಹೆದರುತ್ತಾರೆ. ಲೇಔಟಿನವರೋ, ಭೂಸ್ವಾಧೀನದವರೋ ಅಂದುಕೊಳ್ಳುತ್ತಾರೆ. ತಾತನ ಹೆಸರು ಹೇಳಿ. ಆ ಹೆಸರು ಬಲ್ಲವರು ಯಾರಾದರೂ ಸಿಗುತ್ತಾರೆ.

ಹಕ್ಕಿನ ಪ್ರಶ್ನೆಗೆ ಬರುತ್ತೇನೆ. ಟೋಪೋ ಶೀಟಿನಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಅದರಲ್ಲಿ ಕಾಲುದಾರಿ ಇದೆ ಅಂದ ಮಾತ್ರಕ್ಕೆ ಅದು ಸಾರ್ವಜನಿಕ ದಾರಿಯಾಗುವುದಿಲ್ಲ. ಪಾಳು ಊರಿನ ಗುರುತು ಇದೆ ಅಂದ ಮಾತ್ರಕ್ಕೆ ಆ ನೆಲ ಬಿಟ್ಟುಹೋದವರ ಮೊಮ್ಮಕ್ಕಳದಾಗುವುದಿಲ್ಲ. ಹಕ್ಕು ನಿಲ್ಲುವುದು ಪಹಣಿ, ಮ್ಯುಟೇಶನ್, ನೋಂದಣಿಯಾದ ಪತ್ರ, ಸರ್ವೆ ದಾಖಲೆಗಳ ಮೇಲೆ. ಅಂಥ ಕಾಗದ ಮನೆಯಲ್ಲಿದ್ದರೆ ವಕೀಲರಿಗೆ ತೋರಿಸಿ. ಇಲ್ಲದಿದ್ದರೆ ಆ ಯೋಚನೆಯನ್ನು ಇಲ್ಲಿಗೇ ಬಿಟ್ಟು ಹೋಗಿ. ಜಮೀನು ಕೇಳಲು ಬಂದಿದ್ದಾರೆ ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಮತ್ತು ನಿಮಗೆ ಈಗ ಬೇಕಾಗಿರುವುದು ಅವರ ಮಾತು.